ತೊಟ್ಟಿಯ ಬಾಯಲ್ಲಿ ಕೂತವಳು

ರಟ್ಟಿನ ಕಾರ್ಖಾನೆಯಲ್ಲಿ ನನ್ನ ಗಂಡನ ಅಕ್ಕನಿಗಿದ್ದ ಕೆಲಸ ಕೂರುವುದು. ಹೀಗೆಂದರೆ ಹೊರಗಿನವರು ನಗುತ್ತಿದ್ದರು, ಕಾರ್ಖಾನೆಯವರು ಅದಕ್ಕಿಂತ ಹೆಚ್ಚು ನಗುತ್ತಿದ್ದರು. ತೊಟ್ಟಿಯ ಕಟ್ಟೆಯ ಮೇಲೆ ಕೂರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಆಕೆ ಕಟ್ಟೆಯಮ್ಮ. ನನಗೆ ಅತ್ತಿಗೆ. ಹತ್ತು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿಕೊಂಡಿದ್ದರೂ ನಾನು ಅವರನ್ನು ‘ನೀವು’ ಎಂದೇ ಮಾತಾಡಿಸುತ್ತಿದ್ದೆ.

ಕಾರ್ಖಾನೆಗೆ ಬರುತ್ತಿದ್ದುದು ಊರಿನ ಹಳೇ ಕಾಗದ. ನಾವು ಹೆಂಗಸರು ಶೆಡ್ಡಿನಲ್ಲಿ ಕೂತು ಅದರಿಂದ ಪಿನ್ನು, ಪ್ಲಾಸ್ಟಿಕ್ಕು, ಅಂಟುಪಟ್ಟಿ ಕಿತ್ತು, ಬಿಳಿಯದನ್ನೂ ಬಣ್ಣದ್ದನ್ನೂ ಬೇರೆ ಮಾಡುತ್ತಿದ್ದೆವು. ಆಮೇಲೆ ಅದನ್ನು ನೆನೆಸಿ ಅರೆದು, ಗಂಜಿಯ ಹಾಗೆ ಮಾಡಿ, ನೆಲದೊಳಗಿನ ಮೂರು ತೊಟ್ಟಿಗಳಿಗೆ ಬಿಡುತ್ತಿದ್ದರು. ಗಂಜಿ ಮೇಲಕ್ಕೆ ಹೋಗಿ ರಟ್ಟಾಗುತ್ತದೆ. ತಳದಲ್ಲಿ ಉಳಿದ ಗಸಿ ಅಲ್ಲೇ ಕೊಳೆಯುತ್ತದೆ. ವಾರಕ್ಕೊಂದು ತೊಟ್ಟಿಯಂತೆ ನೀರು ಖಾಲಿ ಮಾಡಿ, ಒಬ್ಬ ಗಂಡಸು ಇಳಿದು ಆ ಗಸಿಯನ್ನು ಸಲಿಕೆಯಿಂದ ಕೆರೆದು ಬಕೆಟ್ಟಿಗೆ ತುಂಬಬೇಕು. ಎರಡಾಳು ಆಳ. ಬಾಯಿ ಒಬ್ಬನ ಭುಜ ಹಿಡಿಸುವಷ್ಟು ಅಗಲ. ಪಕ್ಕದಲ್ಲಿ ಇನ್ನೊಂದು ಸಣ್ಣ ಬಾಯಿ, ಗಾಳಿ ಊದುವ ಯಂತ್ರದ ಕೊಳವೆಗೆ.

ಆ ಗಸಿಯನ್ನು ಕೆದಕಿದಾಗ ಏಳುವ ವಿಷಗಾಳಿ ಮೊದಲು ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ. ಜಾಸ್ತಿಯಾದರೆ ನಾರುವುದು ನಿಂತುಹೋಗುತ್ತದೆ. ಆಗ ಗಾಳಿ ಹೋಗಿರುವುದಿಲ್ಲ, ಮೂಗು ಸತ್ತಿರುತ್ತದೆ. ‘ಪರವಾಗಿಲ್ಲ, ವಾಸನೆ ಇಲ್ಲ’ ಎಂದು ಮನುಷ್ಯ ಅಂದುಕೊಳ್ಳುವಷ್ಟರಲ್ಲಿ ಮೊಣಕಾಲು ಮಡಚಿಕೊಂಡಿರುತ್ತದೆ.

ಇದಕ್ಕೆಲ್ಲ ಒಂದು ತಗಡಿನ ಫಲಕ ಇತ್ತು. ತಪಾಸಣೆಯವರು ಬಂದು ಗದರಿಸಿದ ಮೇಲೆ ಮ್ಯಾನೇಜರು ಬರೆಸಿ ತೂಗುಹಾಕಿದ್ದು. ಅದನ್ನು ಓದಬಲ್ಲವರು ಯಾರೂ ಓದಲಿಲ್ಲ. ಅತ್ತಿಗೆಗೆ ಅಕ್ಷರ ಬರುತ್ತಿರಲಿಲ್ಲ. ಕಾಗದ ಅದುಮುವ ಯಂತ್ರಕ್ಕೆ ಬಲಗೈಯ ಮೂರು ಬೆರಳು ಸಿಕ್ಕಿ ಸೊಟ್ಟಗಾಗಿದ್ದರಿಂದ ಅವರಿಗೆ ತೊಟ್ಟಿ ಕಾಯುವ ಕೆಲಸ ಕೊಟ್ಟರು. ಮೊದಲ ದಿನವೇ ಅವರು ಮೇಸ್ತ್ರಿಯನ್ನು ಹಿಡಿದು ನಿಲ್ಲಿಸಿ ಫಲಕ ಓದಿಸಿದರು. ಮೂರು ಸಲ ಓದಿಸಿದರು. ಇಳಿಯುವುದಕ್ಕೆ ನಾಲ್ಕು ಗಂಟೆ ಮೊದಲೇ ತೊಟ್ಟಿಯ ಮುಚ್ಚಳ ತೆಗೆಯಬೇಕು, ಗಾಳಿಯಂತ್ರ ಕೊನೆಯವರೆಗೆ ನಿಲ್ಲಿಸಬಾರದು, ವಿಷಗಾಳಿ ಇದ್ದರೆ ಕೂಗುವ, ಗಾಳಿ ಅಳೆಯುವ ಪೆಟ್ಟಿಗೆಯನ್ನು ಗಂಟೆಗೊಮ್ಮೆ ಇಳಿಸಿ ನೋಡಬೇಕು, ಇಳಿದವನ ಸೊಂಟದಲ್ಲಿ ಹಗ್ಗ ಇರಬೇಕು, ಬಾಯಲ್ಲಿ ಕೂತವರು ಏನೇ ಆದರೂ ಒಳಗೆ ಇಳಿಯಕೂಡದು, ಗಂಟೆ ಬಾರಿಸಿ, ವಿಷಗಾಳಿಯ ಮುಖವಾಡ ಹಾಕಿ ಇಳಿಯುವವರನ್ನು ಕರೆಯಬೇಕು.

ಅತ್ತಿಗೆ ಕೇಳಿದರಂತೆ, “ಏನೇ ಆದರೂ ಅಂದ್ರೆ?”

“ಏನೇ ಆದರೂ ಅಂದ್ರೆ ಏನೇ ಆದರೂ. ಬಿಡಮ್ಮ, ನನಗೆ ಕೆಲಸ ಇದೆ.”

ಅವರು ಬಿಡಲಿಲ್ಲ, ಬಾಯಿಪಾಠ ಮಾಡಿಕೊಂಡರು. ಸಂಜೆ ಪಾತ್ರೆ ತಿಕ್ಕುತ್ತಾ ಒಪ್ಪಿಸುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಓದಲು ಬರುವವನಿಗೆ ಬೇಕಾದಾಗ ನೋಡಿಕೊಳ್ಳೋಣ ಎಂಬ ಧೈರ್ಯ ಇರುತ್ತದೆ. ಅವರಿಗೆ ಆ ಧೈರ್ಯ ಇರಲಿಲ್ಲ.

ಕಾರ್ಖಾನೆಯಲ್ಲಿ ಆ ನಿಯಮಗಳಿಗೆ ಮೂರು ಕಾಸಿನ ಮರ್ಯಾದೆ ಇರಲಿಲ್ಲ. ನಿಯಮ ಎಂದರೆ ತಪಾಸಣೆಯವರು ಬಂದ ದಿನ ಹೊರಗೆ ತೆಗೆಯುವ ಹೊಸ ಚಾದರ. ಗಾಳಿ ಅಳೆಯುವ ಪೆಟ್ಟಿಗೆ ಬೆಲೆ ಬಾಳುವ ವಸ್ತುವೆಂದು ಮೇಸ್ತ್ರಿ ಒಂದೇ ಒಂದು ಸಲ ಇಳಿಸಿ ನೋಡಿ, ಬಟ್ಟೆಯಲ್ಲಿ ಸುತ್ತಿ ಸ್ಟೋರಿಗೆ ಒಯ್ಯುತ್ತಿದ್ದ. ಗಾಳಿಯಂತ್ರದ ಸದ್ದಿಗೆ ತಲೆ ಸಿಡಿಯುತ್ತದೆ, ನಿಲ್ಲಿಸು ಎಂದು ಶೆಡ್ಡಿನ ನಾವೇ ಕೂಗುತ್ತಿದ್ದೆವು. ಅತ್ತಿಗೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಬಕೆಟ್ಟು ಎಳೆದು ಹಾಕುತ್ತಿದ್ದ ಹಮಾಲಿಯನ್ನು ಎಲ್ಲರೂ ಪೈಲ್ವಾನ ಎನ್ನುತ್ತಿದ್ದರು. ಅವನು ಹೋಗುತ್ತಾ ಬರುತ್ತಾ, “ಕಟ್ಟೆಯಮ್ಮ, ಮೊಟ್ಟೆ ಮರಿ ಆಯ್ತಾ?” ಎಂದು ಕೇಳುವನು. ಅವರು ಹಗ್ಗದಿಂದ ಕಣ್ಣು ತೆಗೆಯದೆ, “ಒಳಗೆ ಇನ್ನೂ ಅಲ್ಲಾಡ್ತಿದೆ, ನೀನು ಬಕೆಟ್ಟು ಎಳಿ” ಎನ್ನುವರು.

ಇನ್ನೊಂದು ವಿಷಯ ಹೇಳಬೇಕು. ಇಳಿಯುವವನ ಮನೆಯವರೇ ಬಾಯಲ್ಲಿ ಕೂರಬೇಕು ಎಂಬುದು ನಮ್ಮ ಕಾರ್ಖಾನೆಯವರೇ ಮಾಡಿಕೊಂಡ ರೂಢಿ. ಫಲಕದಲ್ಲಿ ಅದು ಇರಲಿಲ್ಲ. ಅಲ್ಲಿ ಅಪ್ಪ ಮಗ, ಗಂಡ ಹೆಂಡತಿ, ಭಾವ ಭಾವಮೈದ ಎಲ್ಲ ಒಟ್ಟಿಗೇ ದುಡಿಯುತ್ತಿದ್ದರು. ಸ್ವಂತ ರಕ್ತವಾದರೆ ಕಣ್ಣು ತಪ್ಪಿಸುವುದಿಲ್ಲ ಎಂಬ ನಂಬಿಕೆ. ಅತ್ತಿಗೆಗೆ ರಜೆ ಇದ್ದ ದಿನ ಪೈಲ್ವಾನನ ಅಣ್ಣ ಇಳಿದರೆ ಪೈಲ್ವಾನನ ಹೆಂಡತಿ ಕೂರುವಳು. ನಮ್ಮವರಂತೂ, ಅಂದರೆ ನನ್ನ ಯಜಮಾನರು, ಅಕ್ಕ ಕೂರದಿದ್ದರೆ ಏಣಿಗೆ ಕಾಲೇ ಇಡುತ್ತಿರಲಿಲ್ಲ. ಅವರಿಗೆ ಎರಡು ವರ್ಷವಾಗಿದ್ದಾಗ ತಾಯಿ ಹೋದರು. ಹದಿಮೂರರ ಅಕ್ಕ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು. ಅತ್ತಿಗೆ ಮದುವೆಯಾಗಿ ಹೋಗಿ, ಗಂಡನನ್ನು ಕಳೆದುಕೊಂಡು ಮತ್ತೆ ಇದೇ ತಮ್ಮನ ಮನೆಗೆ ಬಂದವರು. ಹೆತ್ತಿರಲಿಲ್ಲ ಅಷ್ಟೇ.

ಹಗ್ಗದ್ದೊಂದು ಗುಟ್ಟು ಗಂಡಸರಲ್ಲಿತ್ತು. ಅದು ನಮಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಅತ್ತಿಗೆ ನೂರು ಎಣಿಸಿ ಹಗ್ಗವನ್ನು ಒಮ್ಮೆ ಜಗ್ಗುವರು. ಒಳಗಿನವನು ಒಮ್ಮೆ ಜಗ್ಗಿ ಉತ್ತರ ಕೊಡಬೇಕು. ಆದರೆ ನೆನೆದ ಹಗ್ಗ ಭಾರವಾಗಿ ಕಾಲಿಗೆ ತೊಡರುತ್ತದೆ, ಮೂಲೆಗೆ ಹೋಗಲು ಬಿಡುವುದಿಲ್ಲ. ಅದಕ್ಕೆ ಗಂಡಸರು ಕೆಳಗೆ ಇಳಿದ ತಕ್ಷಣ ಸೊಂಟದ ಕುಣಿಕೆ ಕಳಚಿ, ಗಸಿಯಲ್ಲಿ ಒಂದು ಹಾರೆ ನೆಟ್ಟು ಅದಕ್ಕೆ ಸಿಕ್ಕಿಸುತ್ತಿದ್ದರು. ಮೇಲಿಂದ ಜಗ್ಗಿದಾಗ ಹತ್ತಿರ ಬಂದು ಕೈಯಿಂದ ಜಗ್ಗುವುದು. ಮೇಲೆ ಕೂತವರಿಗೆ ಅದು ಸೊಂಟವೋ ಹಾರೆಯೋ ಹೇಗೆ ತಿಳಿಯಬೇಕು? ಎಂಟು ವರ್ಷ ಅತ್ತಿಗೆ ಹಾರೆಗೆ ಕಾವಲು ಕೂತಿದ್ದರು.

ಆ ದಿನ ಎರಡನೇ ತೊಟ್ಟಿ. ಬೆಳಗಿನ ಹತ್ತೂಮುಕ್ಕಾಲು. ನಾನು ಶೆಡ್ಡಿನಲ್ಲಿ ಶಾಲೆಯ ಹಳೇ ನೋಟುಬುಕ್ಕುಗಳ ಪಿನ್ನು ಕೀಳುತ್ತಿದ್ದೆ. ಗಂಟೆ ಬಾರಿಸಿತು. ಒಂದೆರಡಲ್ಲ, ಬಿಡದೆ ಬಾರಿಸಿತು. ತೊಟ್ಟಿಗೂ ಶೆಡ್ಡಿಗೂ ಅರವತ್ತು ಹೆಜ್ಜೆ. ಆ ಅರವತ್ತು ಹೆಜ್ಜೆ ನಾನು ಹೇಗೆ ಇಟ್ಟೆನೋ ನೆನಪಿಲ್ಲ. ಒಳಗಿರುವುದು ನಮ್ಮವರು ಎಂಬುದು ಮಾತ್ರ ನೆನಪಿದೆ.

ನಡೆದದ್ದು ಇಷ್ಟು. ಅತ್ತಿಗೆ ನೂರು ಎಣಿಸಿ ಜಗ್ಗಿದರು, ಉತ್ತರ ಬರಲಿಲ್ಲ. ಮತ್ತೆ ಜಗ್ಗಿದರು. ಕೂಗಿದರು. ಗಂಟೆ ಬಾರಿಸಿ ಹಗ್ಗ ಎಳೆದರು. ಮನುಷ್ಯನ ಭಾರಕ್ಕೆ ತಯಾರಾಗಿ ಕಾಲು ಊರಿ ಎಳೆದವರು ಹಿಂದಕ್ಕೆ ಬಿದ್ದರು. ಕುಣಿಕೆ ಖಾಲಿಯಾಗಿ ಮೇಲೆ ಬಂತು. ಗಂಟು ಹಾಕಿದ್ದು ಹಾಕಿದ ಹಾಗೇ ಇತ್ತು, ಅದರೊಳಗೆ ಸೊಂಟ ಇರಲಿಲ್ಲ.

ನಾನು ಹೋದಾಗ ಅತ್ತಿಗೆ ತೊಟ್ಟಿಯ ಬಾಯಿಗೆ ಅಡ್ಡಲಾಗಿ ಕೂತಿದ್ದರು. ಎರಡೂ ಕಾಲು ಆ ಕಡೆಯ ಅಂಚಿಗೆ ಒತ್ತಿ, ಬೆನ್ನು ಈ ಕಡೆಯ ಕಂಬಿಗೆ ಒತ್ತಿ, ಬಾಗಿಲಿಗೆ ಅಗುಳಿ ಹಾಕಿದ ಹಾಗೆ. ಸೊಟ್ಟಗೈಯಿಂದ ಗಾಳಿಯ ಕೊಳವೆಯನ್ನು ಸಣ್ಣ ಬಾಯಿಯೊಳಗೆ ಇನ್ನೂ ಕೆಳಕ್ಕೆ ತಳ್ಳುತ್ತಿದ್ದರು. ಅವರ ತೊಡೆಯ ಸಂದಿನಿಂದ ನಾನು ಬಗ್ಗಿ ನೋಡಿದೆ. ದೀಪದ ಬೆಳಕಿನಲ್ಲಿ ನಮ್ಮವರ ಬೆನ್ನು ಕಾಣಿಸಿತು. ಪಕ್ಕಕ್ಕೆ ಮಲಗಿದ್ದರು. ಒಂದು ಕಾಲು ಮಾತ್ರ ಅದಿರುತ್ತಿತ್ತು, ನಿದ್ದೆಯಲ್ಲಿ ನೊಣ ಕೂತರೆ ಅದಿರುವ ಹಾಗೆ.

ಜಾಗ ಬಿಡಿ ಎಂದೆ. ಬಿಡಲಿಲ್ಲ. ಭುಜ ಹಿಡಿದು ಜಗ್ಗಿದೆ. ಕಲ್ಲಿನ ಹಾಗೆ ಕೂತಿದ್ದರು. ಆಗ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಒಂದನ್ನು ಮಾತ್ರ ಬರೆಯುತ್ತೇನೆ, ಅದನ್ನು ಮುಚ್ಚಿಟ್ಟರೆ ಇದನ್ನೆಲ್ಲ ಬರೆಯುವುದಕ್ಕೆ ಅರ್ಥವಿಲ್ಲ.

“ನೀನು ಹೆತ್ತಿದ್ರೆ ಹೀಗೆ ಕೂರ್ತಿದ್ದೆಯಾ?” ಎಂದೆ. ಹತ್ತು ವರ್ಷದಲ್ಲಿ ಮೊದಲ ಸಲ ‘ನೀನು’ ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದರು.

ಬಕೆಟ್ಟು ಸುರಿಯಲು ಹೋಗಿದ್ದ ಪೈಲ್ವಾನ ಓಡಿ ಬಂದ. ಅವನಿಗೂ ನಮ್ಮವರಿಗೂ ಒಂದೇ ತಟ್ಟೆಯ ಸ್ನೇಹ. ಅಂಗಿ ಕಿತ್ತೆಸೆದ. “ಈಚೆ ಬಾ ಕಟ್ಟೆಯಮ್ಮ. ಉಸಿರು ಹಿಡ್ಕೊಂಡು ಇಳಿದು ಎತ್ತಿ ತರ್ತೀನಿ.”

“ಇಳಿಯೋಕೆ ಒಂದು ಉಸಿರು ಸಾಕು. ಎತ್ತೋಕೆ ಇನ್ನೊಂದು ಬೇಕು. ಅದು ಅಲ್ಲಿಲ್ಲ.”

“ಸಾಯ್ತಿರೋದು ನಿನ್ನ ತಮ್ಮ.”

“ಗೊತ್ತು. ನಿನ್ನನ್ನೂ ಸೇರಿಸಿ ಲೆಕ್ಕ ಎರಡು ಮಾಡಬೇಡ. ಓಡು, ಎಲೆಕ್ಟ್ರಿಷಿಯನ್ನ ಕರಿ, ಮುಖವಾಡ ತರಿಸು.”

ಅವನು ಅವರ ಕಂಕುಳಿಗೆ ಎರಡೂ ಕೈ ಹಾಕಿ ಎತ್ತಿದ. ನೂರು ಕಿಲೋ ಕಟ್ಟು ಎತ್ತಿ ಲಾರಿಗೆ ಎಸೆಯುವವನು. ಅವರು ಒಂದು ಬೆರಳಷ್ಟೂ ಮೇಲೆ ಬರಲಿಲ್ಲ. ಅವನ ಮುಖದಲ್ಲಿ ಆಗ ಹೆದರಿಕೆ ಕಂಡಿತು. ಇದೇನು ಹೆಂಗಸಿಗೆ ಇಷ್ಟು ಬಲ ಎಂಬ ಹೆದರಿಕೆ. ಕೈಬಿಟ್ಟು ಓಡಿದ.

ಹೊಗೆಯಲ್ಲೂ ವಿಷಗಾಳಿಯಲ್ಲೂ ಹಾಕುವ ಮುಖವಾಡ, ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರು, ಎರಡೂ ಸ್ಟೋರಿನಲ್ಲಿದ್ದವು. ಹಾಕಿಕೊಳ್ಳಲು ಕಲಿತಿದ್ದವನು ಎಲೆಕ್ಟ್ರಿಷಿಯನ್ ಒಬ್ಬನೇ, ಅದೂ ಎರಡು ದಿನದ ತರಬೇತಿ. ಸ್ಟೋರಿನ ಬೀಗ ತೆಗೆಯುವಷ್ಟರಲ್ಲಿ, ಪಟ್ಟಿ ಬಿಗಿಯುವಷ್ಟರಲ್ಲಿ, ಗಂಟೆ ಬಾರಿಸಿದಾಗಿನಿಂದ ಹನ್ನೊಂದು ನಿಮಿಷ. ಆಫೀಸಿನ ಪುಸ್ತಕದಲ್ಲಿ ಹಾಗೆ ಬರೆದಿದೆ. ನನ್ನನ್ನು ಕೇಳಿದರೆ ಆ ಹನ್ನೊಂದು ನಿಮಿಷದಲ್ಲಿ ಒಂದು ಜನ್ಮ ಕಳೆಯಿತು. ನಡುವೆ ನಮ್ಮವರ ಕಾಲು ಅದಿರುವುದು ನಿಂತಿತು. ನಾನು ಕೂಗುವುದನ್ನೂ ನಿಲ್ಲಿಸಿದೆ. ಗಾಳಿಯಂತ್ರದ ಸದ್ದು ಬಿಟ್ಟರೆ ಏನೂ ಇಲ್ಲ. ಅತ್ತಿಗೆಯ ಮೂಗಿನಿಂದ ನೀರಿಳಿದು ತುಟಿಯ ಮೇಲೆ ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಎಲೆಕ್ಟ್ರಿಷಿಯನ್ ಮುಖವಾಡ ಹಾಕಿಕೊಂಡು ಬಂದ. ಹೊಸ ಹಗ್ಗ ಅವನ ಸೊಂಟಕ್ಕೆ ಕಟ್ಟಿದ್ದರು, ಇನ್ನೊಂದು ಹೆಗಲ ಮೇಲಿತ್ತು. ಅತ್ತಿಗೆ ಅವನನ್ನು ಮೇಲಿಂದ ಕೆಳಗೆ ನೋಡಿ, ಗಂಟನ್ನು ಕೈಯಿಂದ ಜಗ್ಗಿ ನೋಡಿ, ಆಮೇಲೆ ಕಾಲು ಮಡಚಿ ದಾರಿ ಬಿಟ್ಟರು. ಅವನ ಎದೆಗೆ ಗಾಳಿ ಅಳೆಯುವ ಪೆಟ್ಟಿಗೆ ಸಿಕ್ಕಿಸಿದ್ದರು. ಏಣಿಯ ಮೂರನೇ ಮೆಟ್ಟಿಲಿಗೇ ಅದು ಕಿರುಚತೊಡಗಿತು. ಅವನು ತಳ ಮುಟ್ಟಿ, ನಮ್ಮವರ ಕಂಕುಳಿಗೆ ಹಗ್ಗ ಹಾಕಿ, ಆರು ಜನ ಎಳೆದು ಮೇಲೆ ತರುವವರೆಗೂ ಕಿರುಚುತ್ತಲೇ ಇತ್ತು. ಆ ಸದ್ದು ಕೇಳುತ್ತಾ ಪೈಲ್ವಾನ ಗೋಡೆಗೆ ಒರಗಿ ನಿಧಾನವಾಗಿ ಕೆಳಗೆ ಕೂತ. ತಾನು ಬರಿಮೈಯಲ್ಲಿ ಇಳಿಯಹೊರಟಿದ್ದುದು ಯಾವುದರೊಳಕ್ಕೆ ಎಂದು ಆಗ ಅವನಿಗೆ ತಿಳಿಯಿತು.

ನಮ್ಮವರ ತುಟಿ ನೀಲಿಯಾಗಿತ್ತು. ಉಸಿರು ಇತ್ತು. ದಾರದಷ್ಟು.

ಆಂಬುಲೆನ್ಸಿಗೆ ಹಾಕಿದ ಮೇಲೆ ನಾನು ಹತ್ತುವ ಮೊದಲು ತಿರುಗಿ ನೋಡಿದೆ. ಅತ್ತಿಗೆ ಇನ್ನೂ ಕಟ್ಟೆಯ ಮೇಲೆಯೇ ಇದ್ದರು. ತಮ್ಮನ ಮುಖ ನೋಡಲೂ ಎದ್ದು ಬರಲಿಲ್ಲವಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಆಗ ಎಲೆಕ್ಟ್ರಿಷಿಯನ್ ಚಾಕು ತೆಗೆದುಕೊಂಡು ಅವರ ಹಿಂದೆ ಬಗ್ಗಿದ. ಖಾಲಿ ಬಂದಿತ್ತಲ್ಲ, ಆ ಕುಣಿಕೆಯನ್ನು ಅತ್ತಿಗೆ ತಮ್ಮ ಸೊಂಟಕ್ಕೆ ಹಾಕಿಕೊಂಡು, ಹಗ್ಗವನ್ನು ಬೆನ್ನ ಹಿಂದಿನ ಕಬ್ಬಿಣದ ಕಂಬಿಗೆ ಸುತ್ತಿ ಮೂರು ಗಂಟು ಬಿಗಿದಿದ್ದರು. ನಾವು ಎಳೆದಾಡಿ ಗಂಟು ಇನ್ನೂ ಬಿಗಿದಿತ್ತು. ಬಿಚ್ಚಲು ಬರಲಿಲ್ಲ, ಕುಯ್ದರು.

ನಮ್ಮವರಿಗೆ ನಾಲ್ಕನೇ ದಿನ ಮಾತು ಬಂತು. ಗಾಳಿಯ ಕೊಳವೆಯ ತುದಿಯ ಹತ್ತಿರ ಬಿದ್ದಿದ್ದರಿಂದ ಉಳಿದರು ಎಂದರು ಡಾಕ್ಟರು. ಹಗ್ಗದ ವಿಷಯ ಅಕ್ಕ ಕೇಳಿದಾಗ ನಮ್ಮವರು ಮೊದಲು, ಜಾರಿರಬೇಕು ಎಂದರು. ಗಂಟು ಬಿಗಿಯಾಗಿಯೇ ಇತ್ತಲ್ಲ ಎಂದರು ಅತ್ತಿಗೆ. ನಮ್ಮವರು ಗೋಡೆಯ ಕಡೆ ತಿರುಗಿ ಹಾರೆಯ ಕಥೆ ಹೇಳಿದರು. ಅತ್ತಿಗೆ ಬೈಯಲಿಲ್ಲ. ಹೊರಗೆ ಬಂದು ವರಾಂಡದ ಬೆಂಚಿನ ಮೇಲೆ ಕೂತರು. ನಾನು ನೀರು ಕೊಟ್ಟೆ. “ಅತ್ತಿಗೆ, ಅವತ್ತು ನಾನು ನಿಮಗೆ…” ಎಂದೆ.

“ನೀನು ಸರಿಯಾಗೇ ಕೇಳಿದೆ” ಎಂದರು. “ನಾನು ನಿಯಮ ನಂಬಿ ಕೂತೆ ಅಂತ ಆಫೀಸಿನವರು ಹೇಳ್ತಾರೆ. ಸುಳ್ಳು. ಕುಣಿಕೆ ಖಾಲಿ ಬಂದ ತಕ್ಷಣ ನನ್ನ ಒಂದು ಕಾಲು ಏಣಿ ಮೇಲಿತ್ತು. ಯಾವಾಗ ಇಟ್ಟೆ ಅಂತ ನಂಗೇ ಗೊತ್ತಿಲ್ಲ. ಆ ಕಾಲು ನೋಡಿ ಹೆದರಿಕೆ ಆಯ್ತು. ಅದಕ್ಕೆ ಕಟ್ಟಿಕೊಂಡೆ.”

ಕಾರ್ಖಾನೆಯಲ್ಲಿ ನಿಯಮಕ್ಕೆ ಮರ್ಯಾದೆ ಬಂತೆಂದು ತಿಳಿಯಬೇಡಿ. ತಮ್ಮ ಒದ್ದಾಡುತ್ತಿದ್ದರೂ ಕೂತಿದ್ದಳಂತೆ ಎಂಬುದೇ ಊರೆಲ್ಲ ಹಬ್ಬಿದ್ದು. ನಲ್ಲಿಯ ಹತ್ತಿರ ಹೆಂಗಸರು ಕೊಡ ಸರಿಸಿಕೊಳ್ಳುತ್ತಿದ್ದರು. ಪೈಲ್ವಾನ ಎರಡು ತಿಂಗಳು ಮುಖ ತಪ್ಪಿಸಿದ. ಅವನ ಹೆಂಡತಿ ಮಾತ್ರ ಒಂದು ಮಧ್ಯಾಹ್ನ ಮನೆಗೆ ಬಂದಳು. ಅತ್ತಿಗೆಯ ಸೊಟ್ಟ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದು ಹೋದಳು.

ನಮ್ಮವರು ಆರು ತಿಂಗಳಿಗೆ ಎದ್ದು ಓಡಾಡಿದರು. ತೊಟ್ಟಿಯ ಕೆಲಸ ಬಿಟ್ಟರೆ ಕಾರ್ಖಾನೆಯಲ್ಲಿ ಅವರಿಗೆ ಬೇರೆ ಜಾಗ ಇರಲಿಲ್ಲ. ಮತ್ತೆ ಇಳಿಯಬೇಕು ಎಂದಾಗ ಅತ್ತಿಗೆ ನೆಟ್ಟಗೆ ಮ್ಯಾನೇಜರ ಕೋಣೆಗೆ ಹೋದರು. ನಾನು ಬಾಗಿಲಲ್ಲಿ ನಿಂತಿದ್ದೆ. ಫಲಕದಲ್ಲಿ ಇನ್ನೊಂದು ಸಾಲು ಬರೆಸಬೇಕು ಎಂದರು: ಒಳಗಿರುವವನ ಮನೆಯವರು ಬಾಯಲ್ಲಿ ಕೂರಕೂಡದು.

ಮ್ಯಾನೇಜರು ನಕ್ಕರು. “ಅಮ್ಮ, ನೀವು ಕೂತಿದ್ದಕ್ಕೇ ಅವನು ಉಳಿದ.”

“ಹಗ್ಗ ಕೈಗೆ ಸಿಕ್ಕಿದ್ದಕ್ಕೆ ಕೂತೆ ಸಾರ್. ಸಿಗದಿದ್ರೆ ನಾನೂ ಇಳಿತಿದ್ದೆ, ನನ್ನ ಹಿಂದೆ ಇವಳು, ಇವಳ ಹಿಂದೆ ಪೈಲ್ವಾನ. ನೀವು ಆಗ ಫಲಕ ಬರೆಸ್ತಿರಲಿಲ್ಲ, ಬೇರೆ ಏನೋ ಬರೆಸ್ತಿದ್ರಿ.”

ಸಾಲು ಬಿತ್ತು. ಜನ ಗೊಣಗಿದರು. ಸಂಬಂಧವೇ ಇಲ್ಲದವರನ್ನು ಈ ಕಾರ್ಖಾನೆಯಲ್ಲಿ ಎಲ್ಲಿಂದ ಹುಡುಕುವುದು, ನಮ್ಮ ಜೀವವನ್ನು ಕಂಡವರ ಕೈಗೆ ಕೊಡುವುದೇ, ಕಟ್ಟೆಯಮ್ಮನಿಗೆ ತಲೆ ಕೆಟ್ಟಿದೆ ಎಂದರು. ನಮ್ಮವರೇ ಎರಡು ದಿನ ಅಕ್ಕನ ಜೊತೆ ಮಾತು ಬಿಟ್ಟರು. ಅತ್ತಿಗೆ ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮವರು ಇಳಿಯುವ ದಿನ ಯಾರು ಕೂರಬೇಕೆಂದು ತಾವೇ ಹೋಗಿ ಒಬ್ಬಳನ್ನು ಗೊತ್ತು ಮಾಡಿದರು. ಬಚ್ಚಲ ನೀರು ಹರಿಯುವ ವಿಷಯಕ್ಕೆ ನಮ್ಮ ಮನೆಯ ಮೇಲೆ ಆರು ವರ್ಷದಿಂದ ಜಗಳ ಕಾಯುತ್ತಿದ್ದ ಪಕ್ಕದ ಮನೆಯವಳು, ಕಟ್ಟು ಕಟ್ಟುವ ವಿಭಾಗದವಳು. ನಮ್ಮವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

“ಇವನು ಸತ್ರೆ ನಾನೇನೂ ಅಳಲ್ಲ, ಹೇಳಿರ್ತೀನಿ” ಎಂದಳಂತೆ.

“ಅದಕ್ಕೇ ನಿನ್ನ ಹತ್ರ ಬಂದೆ” ಎಂದರಂತೆ ಅತ್ತಿಗೆ.

ನಮ್ಮವರು ಮತ್ತೆ ಇಳಿದ ಮೊದಲ ದಿನ ನಾವಿಬ್ಬರೂ ಶೆಡ್ಡಿನಲ್ಲಿ ತೊಟ್ಟಿಗೆ ಬೆನ್ನು ಮಾಡಿ ಕೂತೆವು. ಅತ್ತಿಗೆಯೇ ಹಾಗೆ ಕೂರಿಸಿದ್ದು. ಮುಂದೆ ಒಂದು ರಾಶಿ ಕಾಗದ. ಹಿಂದಿನಿಂದ ಆ ಪಕ್ಕದ ಮನೆಯವಳ ಗಂಟಲು ಕೇಳುತ್ತಿತ್ತು. ಅಂಗಿ ಎತ್ತು, ಗಂಟು ತೋರಿಸು. ಮೂಲೆಗೆ ಹೋಗೋಕೆ ಹಗ್ಗ ಸಾಲದಿದ್ರೆ ಮೂಲೆ ಹಾಗೇ ಇರಲಿ, ನಿಮ್ಮಪ್ಪನ ಗಂಟೇನು ಹೋಗುತ್ತೆ. ಹಾರೆ ಮೇಲೆ ಕಳಿಸು, ಹಾರೆ ಕಣ್ಣಿಗೆ ಬೀಳೋ ತನಕ ಬಕೆಟ್ಟು ಇಳಿಸಲ್ಲ. ನಮ್ಮವರು ಒಳಗಿನಿಂದ ಏನೋ ಗೊಣಗುವರು, ಅವಳು ಅದಕ್ಕೆ ಎರಡರಷ್ಟು ಬೈಯುವಳು. ಆರು ವರ್ಷ ಆ ಗಂಟಲು ಕೇಳಿದರೆ ನನ್ನ ಮೈ ಉರಿಯುತ್ತಿತ್ತು. ಅವತ್ತು ಅದು ನಿಲ್ಲದಿರಲಿ ಎಂದು ಕೂತೆ. ಬೈಯುತ್ತಿದ್ದಾಳೆ ಎಂದರೆ ಬೈಸಿಕೊಳ್ಳಲು ಒಬ್ಬರಿದ್ದಾರೆ.

ಒಂದು ಗಂಟೆ ಕಳೆದಿರಬೇಕು. ಗಂಟಲು ನಿಂತಿತು.

ನನ್ನ ಕೈಯಲ್ಲಿದ್ದ ಪಿನ್ನು ಬೆರಳಿಗೆ ಚುಚ್ಚಿತು. ಗಾಳಿಯಂತ್ರದ ಸದ್ದು ಮಾತ್ರ. ನಾನು ಎದ್ದೆ. ಅತ್ತಿಗೆ ತಲೆ ಎತ್ತದೆ ನನ್ನ ಮಣಿಕಟ್ಟು ಹಿಡಿದರು. ಆ ಸೊಟ್ಟ ಬೆರಳುಗಳು ಮಂಜುಗಡ್ಡೆಯ ಹಾಗೆ ಇದ್ದವು.

“ಕೂತ್ಕೋ. ಗಂಟೆ ಬಾರಿಸಿಲ್ಲ.”

“ಅವಳ ದನಿ ಇಲ್ಲ ಅತ್ತಿಗೆ.”

“ಎಣಿಸ್ತಿರಬಹುದು. ನೀನೂ ಎಣಿಸು.”

ಇಬ್ಬರೂ ಎಣಿಸಿದೆವು. ಎಪ್ಪತ್ತು ದಾಟಿತು. ಅತ್ತಿಗೆಯ ಹಿಡಿತ ಬಿಗಿಯಾಗುತ್ತಾ ಹೋಯಿತು. ಅವರು ಹಿಡಿದದ್ದು ನನ್ನನ್ನೋ ತಮ್ಮನ್ನೋ ತಿಳಿಯಲಿಲ್ಲ. ಎಪ್ಪತ್ತೊಂಬತ್ತಕ್ಕೆ ಹಿಂದಿನಿಂದ ಕೇಳಿಸಿತು: “ಜಗ್ಗಿದ್ದು ಗೊತ್ತಾಯ್ತು, ಎರಡು ಸಲ ಯಾಕೆ ಜಗ್ತೀಯ, ಕೈಗೆ ಕೆಲಸ ಇಲ್ವಾ?”

ಅತ್ತಿಗೆ ನನ್ನ ಕೈ ಬಿಟ್ಟರು. ನಾನು ಕೂತೆ. ಅವರು ಮತ್ತೆ ಒಂದರಿಂದ ಎಣಿಸತೊಡಗಿದರು.